ಒಂಬತ್ತನೇ ಬಳೆಯ ಚುಕ್ಕೆ

ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ
ನನ್ನ ಕೆಲಸ ಗಂಡು ಹೆಣ್ಣು ಬೇರೆ ಮಾಡುವುದು.
ಗೂಡಿನ ತುದಿ ಬ್ಲೇಡಿನಲ್ಲಿ ಕೊಯ್ದು
ಪ್ಯೂಪಾ ಅಂಗೈಗೆ ಸುರಿದು, ಅಂಗಾತ ಮಾಡಿ
ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ
ಎಂಟನೇ ಬಳೆಯಲ್ಲಿ ಗುಣಾಕಾರದ ಗೆರೆಯೋ, ಹೆಣ್ಣು.
ಒಂಬತ್ತನೆಯದರಲ್ಲಿ ಒಂದು ಚುಕ್ಕೆಯೋ, ಗಂಡು.
ಎಡಕ್ಕೆ ಒಂದು ತಟ್ಟೆ, ಬಲಕ್ಕೆ ಒಂದು.
ದಿನಕ್ಕೆ ನಾಲ್ಕು ಸಾವಿರ. ತಪ್ಪು, ನೂರಕ್ಕೆ ಒಂದೂ ಇಲ್ಲ.
ಸಾಹೇಬರು ಬಂದವರಿಗೆ ತೋರಿಸುತ್ತಾರೆ:
"ಕಣ್ಣು ನೋಡಿ ಇವನದು, ಕದಿರಪ್ಪನ ಮಗ."

ಈ ಕಣ್ಣನ್ನೇ ನನ್ನ ಮೇಲೂ ಇಟ್ಟಿದ್ದೆ, ಇಪ್ಪತ್ತು ವರ್ಷ.

ಹದಿನೇಳರಲ್ಲಿ, ಕೆರೆ ಅಂಗಳದಲ್ಲಿ, ಗೋವರ್ಧನ
ನನ್ನ ಅಂಗಾಲಿನ ಜಾಲಿಮುಳ್ಳು ಹಲ್ಲಲ್ಲಿ ಕಿತ್ತ.
ಮುಳ್ಳು ಬಂದಮೇಲೂ ನಾನು ಕಾಲು ಹಿಂದಕ್ಕೆಳೆಯಲಿಲ್ಲ.
ಆ ರಾತ್ರಿಯೇ ಕಾವಲು ಶುರು.
ನಡೆಯುವಾಗ ಕೈ ಹೇಗೆ ಬೀಸುತ್ತೆ,
ನಗುವಾಗ ಕತ್ತು ಎಷ್ಟು ವಾಲುತ್ತೆ,
ವಾಲಿಬಾಲ್ ನೋಡುವಾಗ ಕಣ್ಣು ಚೆಂಡಿನ ಜೊತೆಗಿದೆಯೋ
ಎಲ್ಲಾದರೂ ನಿಂತುಬಿಟ್ಟಿತೋ.
ಕನಸಿನಲ್ಲಿ ನನ್ನನ್ನೇ ಅಂಗಾತ ಮಲಗಿಸಿ
ದೀಪ ಹಿಡಿದು ಹುಡುಕುತ್ತಿದ್ದೆ,
ಗುರುತು ಎಲ್ಲಿ ತಪ್ಪಿದೆ ಎಂದು.

ಹನ್ನೊಂದು ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿದೆ.
ಆ ಮಾತು ದೇವರ ಮುಂದೂ ಬಾಯಿಗೆ ಬರದೆ
"ಅದೊಂದು ತೆಗೆದುಬಿಡು" ಎಂದಷ್ಟೇ ಬೇಡಿದೆ.
ಶನಿದೇವರಿಗೆ ಏನು ತಿಳಿಯಿತೋ,
ನನ್ನ ಸೈಕಲ್ ಕಳುವಾಯಿತು.

ಕೋಲಾರದ ಡಾಕ್ಟರು ಬಿ-ಕಾಂಪ್ಲೆಕ್ಸ್ ಬರೆದು
"ಮದುವೆ ಆಗಿ, ಸರಿಹೋಗುತ್ತೆ" ಎಂದರು.
ಗೌರಿಬಿದನೂರಿಗೆ ಹೆಣ್ಣು ನೋಡಲು ಹೋದೆವು. ಭಾನುರೇಖ.
ಉಪ್ಪಿಟ್ಟು ಕೊಟ್ಟು, ಹಿತ್ತಲ ನಲ್ಲಿಯ ಬಳಿ ಎರಡು ನಿಮಿಷ ನಿಂತು
"ನಿಮಗೆ ನಿಜಕ್ಕೂ ಇಷ್ಟ ಇದೆಯಾ?" ಎಂದಳು.
ಅಲ್ಲಿವರೆಗೆ ಯಾರೂ ಕೇಳಿರದ ಪ್ರಶ್ನೆ.
"ಇಲ್ಲ" ಎಂದೆ. ಯಾಕೆ ಅಂತ ಅವಳು ಕೇಳಲಿಲ್ಲ.
ಮನೆಗೆ ಬಂದು ಜಾತಕದ ತಲೆಗೆ ಕಟ್ಟಿದೆ.
ಅವರ ಊರಿನಲ್ಲಿ ಅದು ಅವಳ ತಲೆಗೇ ಬಿದ್ದಿರಬೇಕು.
ಆ ಸಾಲ ಇನ್ನೂ ನನ್ನ ಮೇಲಿದೆ.

ಗೂಡು ಒಡೆದು ಹಾರಿಬಂದೆ ಅಂತ ಬರೆಯಬಹುದು.
ಹಾಗೆ ಬರೆಯುವವರು ಕೋಠಿಗೆ ಬಂದವರಲ್ಲ.
ನಮ್ಮ ಚಿಟ್ಟೆ ಹಾರುವುದಿಲ್ಲ.
ರೆಕ್ಕೆ ಅದುರಿಸುತ್ತ ಇದ್ದಲ್ಲೇ ಸುತ್ತುತ್ತೆ, ಅಷ್ಟೆ.

ನನಗೆ ಆದದ್ದು ಒಂದು ಮಂಗಳವಾರ,
ಆರುನೂರನೆಯದೋ ಏಳುನೂರನೆಯದೋ ಕೈಯಲ್ಲಿತ್ತು.
ಗಂಡು. ಚುಕ್ಕೆ ಇದ್ದಲ್ಲೇ ಇತ್ತು.
ಬಲಕ್ಕೆ ಹಾಕಲು ಎತ್ತಿದ ಕೈ ನಿಂತಿತು.
ಚುಕ್ಕೆ, ಇದು ಗಂಡು ಅನ್ನುತ್ತೆ.
ಯಾರಿಗಾಗಿ ಕಾಯುತ್ತೆ ಅಂತ
ಯಾವ ಬಳೆಯ ಮೇಲೂ ಬರೆದಿಲ್ಲ.
ನನ್ನದೂ ಇದ್ದಲ್ಲೇ ಇದೆ. ಯಾವತ್ತೂ ಇತ್ತು.
ಎದ್ದು ಹೋಗಿ ಮುಖ ತೊಳೆದು ಬಂದು
ಉಳಿದ ಮೂರು ಸಾವಿರ ಮುಗಿಸಿದೆ.

ಗಂಗುಲಮ್ಮನಿಗೆ ಹೇಳಲು ಮತ್ತೂ ಎರಡು ವರ್ಷ.
ಎದುರು ಸ್ಟೂಲು, ಒಂದೇ ಮೇಜು, ಒಂದೇ ಉಪ್ಪಿನಕಾಯಿ ಡಬ್ಬಿ.
ಬ್ಲೇಡು ಕೆಳಗಿಟ್ಟು "ಯಾರ ಹತ್ರನೂ ಅನ್ನಬೇಡಪ್ಪ" ಎಂದಳು.
ಮಾರನೇ ದಿನ ಅವಳ ಸ್ಟೂಲು ಅರ್ಧ ಅಡಿ ಸರಿದಿತ್ತು,
ದೂರವಾಗಲೆಂದೋ
ನನ್ನ ತಟ್ಟೆಗೆ ಕಿಟಕಿ ಬೆಳಕು ಬೀಳಲೆಂದೋ.
ಕೇಳಲಿಲ್ಲ. ಉಪ್ಪಿನಕಾಯಿ ಬಂದಿತ್ತು.

ಈಗಲೂ ಕೆಲವು ದಿನ
ಬಸ್ಸಿನಲ್ಲಿ ಯಾರೋ ನಕ್ಕರೆ ಬೀಸುವ ಕೈ ಬಿಗಿಯುತ್ತೆ.
ಹಳೇ ಕಾವಲುಗಾರ. ಸಂಬಳ ನಿಲ್ಲಿಸಿದರೂ
ಗೇಟು ಬಿಟ್ಟು ಹೋಗಿಲ್ಲ.
ಅವನಿಗೂ ಒಂದು ಟೀ ಹೇಳುತ್ತೇನೆ.

ಸಂಜೆ ಬಿಚ್ಚಾಣಿಕೆ ಬೀದಿಯಲ್ಲಿ ಬೆಂದ ಹುಳದ ನಾತ.
ಜಬೀವುಲ್ಲಾ ಬರುತ್ತಾನೆ, ಬಿಸಿನೀರಿಗೆ
ಬೆಳ್ಳಗೆ ಸುಕ್ಕಿದ ಹತ್ತು ಬೆರಳು ಹೊತ್ತು.
ಲೋಟ ಕೊಡುವಾಗ ಮೊದಲೆಲ್ಲ
ಎರಡು ಎಣಿಸುವಷ್ಟರಲ್ಲಿ ಕೈ ಬಿಡಬೇಕು, ಅದು ನನ್ನ ಲೆಕ್ಕ.
ಇವತ್ತು ಅವನೇ, "ಬಿಡೋ, ಆರ್ತಾ ಇದೆ" ಎಂದ.
ಆರಿದ್ದು ನಿಜ.
ಕುಡಿದೆವು.